ಉಣ್ಣಿ ಕುಡಿದ ರಕ್ತವೇ ಅದಕ್ಕೆ ಮುಳುವಾದರೆ?

ಮನೆಯಲ್ಲಿ ಖಾಲಿ ಉಪ್ಪಿನಕಾಯಿ ಬಾಟಲಿ ಇದ್ರೆ ತೊಳೆದು ಒಣಗಿಸಿ ಇಟ್ಕೊಳ್ಳಿ. ನಾಳೆ ಬೆಳಗ್ಗೆ ಹಾಲು ಹಿಂಡುವಾಗ ಹಸುವಿನ ಕೆಚ್ಚಲ ಪಕ್ಕ, ಬಾಲದ ಬುಡ, ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆಯಲ್ಲಿ ನೋಡಿ. ಹರಳು ಬೀಜದ ಹಾಗೆ ಉಬ್ಬಿಕೊಂಡು, ಇನ್ನೇನು ಉದುರುತ್ತೆ ಅನ್ನೋ ಹಂತದ ಉಣ್ಣಿ ಒಂದಾದರೂ ಸಿಗುತ್ತೆ. ಚಿಮಟದಲ್ಲಿ ಹಿಡಿದು ಬಾಟಲಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ನೆರಳಲ್ಲಿಡಿ. ಮೂರ್ನಾಲ್ಕು ದಿನಕ್ಕೆ ಅದರ ಬಾಯಿ ಹತ್ತಿರ ಕಂದು ಬಣ್ಣದ ಸಣ್ಣ ಸಣ್ಣ ಮಣಿಗಳು ಕಾಣಿಸ್ತವೆ. ಒಂದೆರಡು ವಾರದಲ್ಲಿ ಅದು ರಾಶಿಯಾಗುತ್ತೆ, ತಾಯಿ ಉಣ್ಣಿ ಒಣಗಿ ಸಾಯುತ್ತೆ. ಆ ರಾಶಿಯಲ್ಲಿ ಸುಮಾರು 2,000ದಿಂದ 3,000 ಮೊಟ್ಟೆ ಇರ್ತವೆ.

ಕಳೆದ ಮಳೆಗಾಲದಲ್ಲಿ ನಾನು ಈ ಬಾಟಲಿ ಪ್ರಯೋಗ ಮಾಡಿದ್ದು ಹಟಕ್ಕೆ ಬಿದ್ದು. ನಮ್ಮ ಜರ್ಸಿ ಕ್ರಾಸ್ ಕಡಸಿಗೆ ಜ್ವರ ಬಂತು, ಗಂಟಲ ಕೆಳಗೆ, ಭುಜದ ಮುಂದೆ ಗಡ್ಡೆ ಊದಿಕೊಂಡವು, ಕಣ್ಣಿನ ರೆಪ್ಪೆಯ ಒಳಗೆಲ್ಲ ಬಿಳಚಿಕೊಂಡಿತು. ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಥೈಲೇರಿಯಾ ಅಂದ್ರು. ಬುಪಾರ್ವಾಕ್ವೋನ್ ಇಂಜೆಕ್ಷನ್ ಸಕಾಲಕ್ಕೆ ಬಿತ್ತು, ಕಡಸು ಉಳೀತು. ಆದರೆ ನನಗೆ ತಲೆಬಿಸಿ ಆಗಿದ್ದು ಬೇರೆ ವಿಷಯಕ್ಕೆ. ಆ ಎರಡು ತಿಂಗಳಲ್ಲಿ ನಾನು ನಾಲ್ಕು ಸಲ ಉಣ್ಣಿ ಔಷಧಿ ಹೊಡೆದಿದ್ದೆ! ಔಷಧಿ ಹೊಡೆದ ಮೂರನೇ ದಿನ ಉದುರಿದ ಐದು ಉಣ್ಣಿಗಳನ್ನು ಬಾಟಲಿಗೆ ಹಾಕಿದೆ. ನಾಲ್ಕು ಉಣ್ಣಿ ಆರಾಮಾಗಿ ಮೊಟ್ಟೆ ಇಟ್ಟವು.

ಅವತ್ತಿನಿಂದ ತಲೆಯಲ್ಲಿ ಕೂತ ಪ್ರಶ್ನೆ ಇದು: ಹೊರಗಿನಿಂದ ವಿಷ ಹೊಡೆದು ಸಾಯದ ಉಣ್ಣಿಯನ್ನು ಅದರ ಹೊಟ್ಟೆಯೊಳಗಿನಿಂದ ಹಿಡಿಯೋಕೆ ಆಗುತ್ತಾ? ಆಗುತ್ತೆ. ಮೂವತ್ತು ವರ್ಷದ ಹಿಂದೆಯೇ ಅಂಥ ಲಸಿಕೆ ಮಾರುಕಟ್ಟೆಗೆ ಬಂದಿತ್ತು. ಅದು ಹೇಗೆ ಕೆಲಸ ಮಾಡುತ್ತೆ, ನಮ್ಮ ಕೊಟ್ಟಿಗೆಗೆ ಯಾಕಿನ್ನೂ ಬಂದಿಲ್ಲ, ಅಲ್ಲಿವರೆಗೆ ನಾವೇನು ಮಾಡಬೇಕು ಅನ್ನೋದು ಈ ವಾರದ ವಿಷಯ.

ಒಂದು ಉಣ್ಣಿ, ಒಂಬತ್ತು ಮಿಲಿ ಹಾಲು

ನಮ್ಮ ದನಗಳ ಮೈಮೇಲೆ ಮುಖ್ಯವಾಗಿ ಎರಡು ಜಾತಿಯ ಉಣ್ಣಿ ಕಾಣ್ತವೆ. ಒಂದು ರಿಪಿಸೆಫಾಲಸ್ ಮೈಕ್ರೋಪ್ಲಸ್. ಇದು ಮರಿಯಾಗಿ ಹತ್ತಿದ ಹಸುವಿನ ಮೇಲೇ ಎರಡು ಸಲ ಪೊರೆ ಕಳಚಿ, ಬೆಳೆದು, ಸುಮಾರು 3 ವಾರಕ್ಕೆ ಹೊಟ್ಟೆ ತುಂಬಿಸಿಕೊಂಡು ಕೆಳಗೆ ಬೀಳುತ್ತೆ. ಬಬೇಸಿಯಾ, ಅನಾಪ್ಲಾಸ್ಮಾ ರೋಗ ಹರಡೋದು ಇದು. ಇನ್ನೊಂದು ಹಯಲೊಮ್ಮಾ. ಕಾಲು ಉದ್ದ, ಓಟ ಜೋರು. ಬೆಳೆಯುವ ಮಧ್ಯದಲ್ಲಿ ಹಸು ಬಿಟ್ಟು ಇಳಿದು ಗೋಡೆ ಬಿರುಕಲ್ಲಿ ಅಡಗಿಕೊಳ್ಳುತ್ತೆ, ಮತ್ತೆ ಬೇರೆ ದನ ಹತ್ತುತ್ತೆ. ಥೈಲೇರಿಯಾ ತರೋದು ಇದೇ.

ಮಲೆನಾಡಿನ ಗೆಳೆಯರು ಉಣುಗು ಅಂದಕೂಡಲೇ ಮಂಗನ ಕಾಯಿಲೆ ನೆನೆಸಿಕೊಳ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ರೋಗ ಹರಡೋದು ಕಾಡಿನ ಹೀಮಾಫೈಸಾಲಿಸ್ ಉಣುಗು. ಅದರ ಕಥೆಯೇ ಬೇರೆ, ಇಲ್ಲಿ ಅದನ್ನು ಬೆರೆಸೋದು ಬೇಡ.

ರೋಗ ಬರದಿದ್ರೂ ಉಣ್ಣಿ ಸುಮ್ಮನಿರಲ್ಲ. ಆಸ್ಟ್ರೇಲಿಯಾದಲ್ಲಿ ಎಚ್‌ಎಫ್ ಹಸುಗಳ ಮೇಲೆ ನಡೆದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯ್ತು. ಹೊಟ್ಟೆ ತುಂಬಿಸಿಕೊಳ್ಳುತ್ತಿರುವ ಒಂದೊಂದು ಹೆಣ್ಣು ಮೈಕ್ರೋಪ್ಲಸ್ ಉಣ್ಣಿಗೂ ಹಸು ದಿನಕ್ಕೆ 8.9 ಮಿಲಿ ಹಾಲು ಮತ್ತು ಸುಮಾರು 1 ಗ್ರಾಂ ಮೈತೂಕ ಕಳೆದುಕೊಳ್ಳುತ್ತೆ ಅನ್ನೋದು ಅದರ ಲೆಕ್ಕ. ಅಂಥ 50 ಉಣ್ಣಿ ಇದ್ರೆ ದಿನಕ್ಕೆ 445 ಮಿಲಿ. ಡೇರಿಗೆ ಹಾಕೋ ಹಾಲಲ್ಲಿ ಹೆಚ್ಚುಕಡಿಮೆ ಅರ್ಧ ಲೀಟರ್ ಉಣ್ಣಿ ಪಾಲು ಅಂತಾಯ್ತು.

ಉಣ್ಣಿ ಊಟ ಮಾಡೋ ಕ್ರಮ

ಲಸಿಕೆ ಅರ್ಥ ಆಗಬೇಕಾದ್ರೆ ಮೊದಲು ಉಣ್ಣಿಯ ಹೊಟ್ಟೆ ಅರ್ಥ ಆಗಬೇಕು.

ಬೆಳೆದ ಹೆಣ್ಣು ಉಣ್ಣಿ ಮೊದಲ ಕೆಲವು ದಿನ ನಿಧಾನಕ್ಕೆ ಕುಡಿಯುತ್ತೆ. ಕೊನೆಯ ಒಂದು ದಿನದಲ್ಲಿ ಮಾತ್ರ ಗಬಗಬ ಕುಡಿದು ತನ್ನ ತೂಕದ ನೂರಾರು ಪಟ್ಟು ಉಬ್ಬುತ್ತೆ. ರಕ್ತದಲ್ಲಿರೋ ಹೆಚ್ಚಿನ ನೀರನ್ನು ಜೊಲ್ಲಿನ ಮೂಲಕ ಮತ್ತೆ ಹಸುವಿನ ಮೈಗೇ ಉಗಿದು, ಗಟ್ಟಿ ಅಂಶ ಮಾತ್ರ ಉಳಿಸಿಕೊಳ್ಳುತ್ತೆ. ರೋಗಾಣು ಹಸುವಿನ ಮೈ ಸೇರೋದೂ ಈ ಜೊಲ್ಲಿನ ಜೊತೆಗೇ.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಸೊಳ್ಳೆ ರಕ್ತ ಕುಡಿದಾಗ ಹೊಟ್ಟೆಯ ಚೀಲದೊಳಗೇ ಜೀರ್ಣರಸ ಸುರಿದು ರಕ್ತವನ್ನು ಅರಗಿಸುತ್ತೆ. ಉಣ್ಣಿ ಹಾಗೆ ಮಾಡಲ್ಲ. ಅದರ ಕರುಳಿನ ಗೋಡೆಯ ಕೋಶಗಳು ರಕ್ತದ ಹಿಮೋಗ್ಲೋಬಿನ್ ಅನ್ನು ತುತ್ತು ತುತ್ತಾಗಿ ಒಳಗೆ ಎಳೆದುಕೊಂಡು, ಕೋಶದ ಒಳಗೇ ಜೀರ್ಣ ಮಾಡ್ತವೆ. ಹಾಗಾಗಿ ಕರುಳಿನ ಚೀಲದಲ್ಲಿ ರಕ್ತ ದಿನಗಟ್ಟಲೆ ಹೆಚ್ಚು ಕೆಡದೆ ಉಳಿಯುತ್ತೆ. ರಕ್ತದ ಜೊತೆ ಬಂದ ಹಸುವಿನ ಪ್ರತಿಕಾಯಗಳೂ ಹಾಗೇ ಉಳಿಯುತ್ತವೆ. ಅಂದ್ರೆ ರೋಗದ ವಿರುದ್ಧ ಹೋರಾಡೋಕೆ ಹಸುವಿನ ಮೈ ತಯಾರಿಸಿದ ಸೈನಿಕರು ಉಣ್ಣಿಯ ಹೊಟ್ಟೆಯೊಳಗೂ ಜೀವಂತ ಆಯುಧ ಹಿಡಿದು ನಿಂತಿರ್ತಾರೆ. ಅವರಿಗೆ ಯಾರನ್ನು ಹೊಡೀಬೇಕು ಅಂತ ಗೊತ್ತಿಲ್ಲ, ಅಷ್ಟೇ. ಅದನ್ನು ಹೇಳಿಕೊಡೋದೇ ಲಸಿಕೆಯ ಕೆಲಸ.

ಹಸು ಎಂದೂ ನೋಡದ ಪ್ರೋಟೀನು

ಆಸ್ಟ್ರೇಲಿಯಾದ ವಿಜ್ಞಾನಿಗಳು 1980ರ ದಶಕದಲ್ಲಿ ಅರ್ಧ ಹೊಟ್ಟೆ ತುಂಬಿದ ಉಣ್ಣಿಗಳನ್ನು ಅರೆದು, ಅದರ ಸಾರವನ್ನು ದನಗಳಿಗೆ ಚುಚ್ಚಿ ನೋಡಿದ್ರು. ಆ ದನಗಳ ಮೇಲೆ ಬಿಟ್ಟ ಉಣ್ಣಿಗಳು ಕಡಿಮೆ ಬದುಕಿದವು, ಬದುಕಿದವೂ ಸೊರಗಿದ್ದವು. ಆ ಸಾರದಲ್ಲಿ ಯಾವ ಅಂಶ ಈ ಕೆಲಸ ಮಾಡ್ತಿದೆ ಅಂತ ಸೋಸುತ್ತಾ ಹೋಗಿ ಕೊನೆಗೆ ಕರುಳಿನ ಕೋಶದ ಮೇಲ್ಮೈಯಲ್ಲಿರೋ ಒಂದು ಪ್ರೋಟೀನ್ ಹಿಡಿದ್ರು. ಅದಕ್ಕೆ ಬಿಎಂ 86 ಅಂತ ಹೆಸರು.

ಈ ಪ್ರೋಟೀನನ್ನು ಹಸುವಿಗೆ ಚುಚ್ಚಿದ್ರೆ ಹಸು ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತೆ. ಉಣ್ಣಿ ಬಂದು ರಕ್ತ ಕುಡಿದಾಗ ಆ ಪ್ರತಿಕಾಯ ಉಣ್ಣಿಯ ಕರುಳಿಗೆ ಹೋಗಿ ಅಂಟಿಕೊಂಡು ಕೋಶಗಳನ್ನು ಹಾಳು ಮಾಡುತ್ತೆ. ಕರುಳು ತೂತಾಗಿ ರಕ್ತ ಉಣ್ಣಿಯ ಮೈಯೊಳಗೆ ಸೋರುತ್ತೆ. ಅಂಥ ಉಣ್ಣಿಗಳು ಕೆಂಪಗೆ ಕಾಣ್ತವೆ. ಕೆಲವು ಸಾಯ್ತವೆ, ಉಳಿದವು ಪೂರ್ತಿ ಉಬ್ಬಲ್ಲ, ಮೊಟ್ಟೆ ಕಡಿಮೆ ಇಡ್ತವೆ.

ಆಸ್ಟ್ರೇಲಿಯಾದಲ್ಲಿ 1994ರಲ್ಲಿ ಟಿಕ್‌ಗಾರ್ಡ್ ಅನ್ನೋ ಹೆಸರಲ್ಲಿ ಲಸಿಕೆ ಬಂತು. ಕ್ಯೂಬಾ ದೇಶದವರು ಅದೇ ಪ್ರೋಟೀನನ್ನು ಯೀಸ್ಟ್‌ನಲ್ಲಿ ತಯಾರಿಸಿ ಗವಾಕ್ ಅನ್ನೋ ಲಸಿಕೆ ತಂದ್ರು. ಕ್ಯೂಬಾದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಬಳಸಿ ಉಣ್ಣಿ ಔಷಧಿಯ ಬಳಕೆಯನ್ನು ಬಹಳಷ್ಟು ಇಳಿಸಿದ್ರು.

ಹಾಗಾದ್ರೆ ತೊಂದರೆ ಎಲ್ಲಿ? ಮೂರು ಕಡೆ.

ಮೊದಲನೆಯದು, ಬಿಎಂ 86 ಉಣ್ಣಿಯ ಹೊಟ್ಟೆಯೊಳಗೆ ಇರೋದು. ಉಣ್ಣಿ ಎಷ್ಟೇ ಕಚ್ಚಿದ್ರೂ ಹಸುವಿನ ಮೈ ಅದನ್ನು ನೋಡಲ್ಲ. ಹಾಗಾಗಿ ಲಸಿಕೆಯ ನೆನಪು ತಾನಾಗಿ ಹೊಸದಾಗಲ್ಲ. ಪ್ರತಿಕಾಯ ಇಳೀತಾ ಬರುತ್ತೆ, ಕೆಲವು ತಿಂಗಳಿಗೊಮ್ಮೆ ಬೂಸ್ಟರ್ ಹಾಕ್ಲೇಬೇಕು. ನೂರಾರು ದನ ಬಯಲಲ್ಲಿ ಮೇಯಿಸೋ ಆಸ್ಟ್ರೇಲಿಯಾದ ರೈತರಿಗೆ ಇದು ಕಿರಿಕಿರಿ ಆಯ್ತು. ಟಿಕ್‌ಗಾರ್ಡ್ ಮಾರುಕಟ್ಟೆಯಿಂದ ಹೋಯ್ತು.

ಎರಡನೆಯದು, ಎಲ್ಲ ಕಡೆಯ ಉಣ್ಣಿಗೂ ಒಂದೇ ರೀತಿ ತಾಗಲ್ಲ. ಅರ್ಜೆಂಟೀನಾದ ಒಂದು ತಳಿಯ ಉಣ್ಣಿಗೆ ಬಿಎಂ 86 ಕೆಲಸ ಮಾಡಲಿಲ್ಲ. ಅದೇ ತಳಿಯಿಂದ ಬಿಎಂ 95 ಅನ್ನೋ ಹತ್ತಿರದ ಪ್ರೋಟೀನ್ ತೆಗೆದು ಬಳಸಬೇಕಾಯ್ತು.

ಮೂರನೆಯದು ನಮ್ಮ ನಿರೀಕ್ಷೆ. ಔಷಧಿ ಹೊಡೆದ್ರೆ ಮಾರನೇ ದಿನ ಉಣ್ಣಿ ಉದುರಬೇಕು ಅಂತ ಬಯಸ್ತೀವಿ. ಲಸಿಕೆ ಹಾಗಲ್ಲ. ಇವತ್ತು ಮೈಮೇಲಿರೋ ಉಣ್ಣಿಗಿಂತ ಮುಂದಿನ ತಲೆಮಾರಿನ ಮೇಲೆ ಅದರ ಕಣ್ಣು.

ಲೆಕ್ಕ ಹಾಕೋದು ಹೀಗೆ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಲಸಿಕೆ ಹಾಕದ ಹಸುವಿನಿಂದ 100 ಹೆಣ್ಣು ಉಣ್ಣಿ ಉದುರುತ್ತವೆ. ಒಂದೊಂದು 2,500 ಮೊಟ್ಟೆ. ಎಲ್ಲ ಒಡೆದವು ಅಂದುಕೊಂಡ್ರೆ ಎರಡೂವರೆ ಲಕ್ಷ ಮರಿ.

ಈಗ ಲಸಿಕೆ ಹಾಕಿದ ಹಸು. ಉದುರಿದ್ದು 60 ಉಣ್ಣಿ. ಸೊರಗಿದ್ದರಿಂದ ಒಂದೊಂದು 1,750 ಮೊಟ್ಟೆ ಇಟ್ಟಿತು. ಅದರಲ್ಲಿ ನೂರಕ್ಕೆ 90 ಮಾತ್ರ ಒಡೆದವು. ಗುಣಿಸಿ ನೋಡಿ: 94,500 ಮರಿ. ಕೊಟ್ಟಿಗೆಗೆ ಹೋಗಿ ನೋಡಿದವರಿಗೆ ನೂರರಲ್ಲಿ 60 ಉಣ್ಣಿ ಹಾಗೇ ಕಾಣ್ತವೆ, "ಏನೂ ಪ್ರಯೋಜನ ಇಲ್ಲ ಮಾರಾಯ" ಅಂತಾರೆ. ಆದರೆ ಮುಂದಿನ ಸುತ್ತಿಗೆ ಬರೋ ಮರಿ ನೂರಕ್ಕೆ 62ರಷ್ಟು ಕಡಿಮೆ ಆಗಿರುತ್ತೆ. ವಿಜ್ಞಾನಿಗಳು ಲಸಿಕೆಯ ಸಾಮರ್ಥ್ಯ ಅಳೆಯೋದು ಹೀಗೇ: ಉಣ್ಣಿ ಸಂಖ್ಯೆ, ತೂಕ, ಮೊಟ್ಟೆ, ಮರಿಯಾಗುವ ಪ್ರಮಾಣ ಎಲ್ಲ ಸೇರಿಸಿ.

ಈಗ ಕಣ್ಣು ರಕ್ತದ ಅರಗಿಸುವಿಕೆ ಮೇಲೆ

ಬಿಎಂ 86 ಕರುಳಿನ ಗೋಡೆಗೆ ಹೊಡೆಯುವ ಲಸಿಕೆ. ಆಮೇಲಿನ ಸಂಶೋಧನೆ ಇನ್ನೂ ಒಳಗೆ ಹೋಗಿದೆ. ಕುಡಿದ ರಕ್ತವನ್ನು ಉಣ್ಣಿ ಹೇಗೆ ಬಳಸುತ್ತೆ, ಅಲ್ಲಿ ಎಲ್ಲಿ ಕಾಲು ಎಡವುವಂತೆ ಮಾಡಬಹುದು ಅನ್ನೋದನ್ನು ಹುಡುಕ್ತಿದೆ.

ರಕ್ತದ ಕೆಂಪಿಗೆ ಕಾರಣ ಹಿಮೋಗ್ಲೋಬಿನ್. ಅದರೊಳಗೆ ಕಬ್ಬಿಣ ಹಿಡಿದುಕೊಂಡಿರೋ ಹೀಮ್ ಅನ್ನೋ ಅಂಶ ಇದೆ. ನಮಗೆ, ಹಸುವಿಗೆ, ಗಿಡಕ್ಕೆ ಎಲ್ಲರಿಗೂ ಹೀಮ್ ಬೇಕು, ನಾವೆಲ್ಲ ಅದನ್ನು ಮೈಯೊಳಗೇ ತಯಾರಿಸಿಕೊಳ್ತೀವಿ. ಉಣ್ಣಿಗೆ ಆ ವಿದ್ಯೆ ಮರೆತುಹೋಗಿದೆ. ಹೀಮ್ ಬೇಕು ಅಂದ್ರೆ ರಕ್ತದಿಂದಲೇ ಕದೀಬೇಕು. ಜೆಕ್ ಗಣರಾಜ್ಯದ ವಿಜ್ಞಾನಿಗಳು 2016ರಲ್ಲಿ ಯುರೋಪಿನ ಇಕ್ಸೋಡೆಸ್ ರಿಸಿನಸ್ ಉಣ್ಣಿಗೆ ಹಿಮೋಗ್ಲೋಬಿನ್ ಇಲ್ಲದ ರಕ್ತದ್ರವ ಮಾತ್ರ ಕುಡಿಸಿದ ಪ್ರಯೋಗ ಪ್ರಕಟಿಸಿದ್ರು. ಉಣ್ಣಿ ಹೊಟ್ಟೆ ತುಂಬಿಸಿಕೊಂಡಿತು, ಮೊಟ್ಟೆಯನ್ನೂ ಇಟ್ಟಿತು. ಆದರೆ ಮರಿ ಹೊರಬರಲಿಲ್ಲ. ಹಿಮೋಗ್ಲೋಬಿನ್ ಬೆರೆಸಿ ಕೊಟ್ಟಾಗ ಮರಿ ಬಂದವು. ನಿಮ್ಮ ಬಾಟಲಿಯಲ್ಲಿರೋ ಮೊಟ್ಟೆಯ ಕಂದು ಬಣ್ಣ ಇದೆಯಲ್ಲ, ಅದೂ ಈ ಕದ್ದ ಹೀಮ್‌ನದೇ.

ಬೇಕಾದ ಹೀಮ್ ಹೆಚ್ಚಾದ್ರೆ ಅದೇ ವಿಷ. ಉಣ್ಣಿ ಅದನ್ನು ಒಡೆದು ಹಾಕೋಕೂ ಆಗದೆ, ಕರುಳಿನ ಕೋಶದೊಳಗೆ ಗಂಟು ಕಟ್ಟಿ ಇಡುತ್ತೆ. ಹೀಮ್‌ನ ಕಾಟ ತಡೆಯೋಕೆ ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಅನ್ನೋ ಕಿಣ್ವ ಬಳಸುತ್ತೆ. ಇನ್ನು ಕಬ್ಬಿಣವನ್ನು ಉಣ್ಣಿ ಪಡೆಯೋದು ಹೀಮ್‌ನಿಂದ ಅಲ್ಲ, ರಕ್ತದ್ರವದಲ್ಲಿರೋ ಟ್ರಾನ್ಸ್‌ಫೆರಿನ್‌ನಿಂದ. ಆ ಕಬ್ಬಿಣವನ್ನು ಕರುಳಿನಿಂದ ಅಂಡಾಶಯದವರೆಗೆ ಹೊತ್ತು ಸಾಗಿಸೋ ಕೂಲಿ ಫೆರಿಟಿನ್ 2 ಅನ್ನೋ ಪ್ರೋಟೀನ್. ಇದು ನಮ್ಮ ಮೈಯಲ್ಲಾಗಲೀ ಹಸುವಿನ ಮೈಯಲ್ಲಾಗಲೀ ಉಣ್ಣಿಯಲ್ಲಿದ್ದ ಹಾಗೆ ಇಲ್ಲ. ಉಣ್ಣಿಗೆ ಹೊಡೆತ, ಹಸುವಿಗೆ ತೊಂದರೆ ಇಲ್ಲ. ಲಸಿಕೆಗೆ ಇದಕ್ಕಿಂತ ಒಳ್ಳೆ ಗುರಿ ಬೇಕಾ? 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫೆರಿಟಿನ್ 2 ಲಸಿಕೆ ಮೊಲಗಳಲ್ಲೂ ದನಗಳಲ್ಲೂ ಉಣ್ಣಿಯ ಸಂಖ್ಯೆ, ತೂಕ, ಮೊಟ್ಟೆ ಎಲ್ಲ ಇಳಿಸಿತು.

ಇನ್ನೊಂದು ಗುರಿ ನೀರಿನದು. ಉಣ್ಣಿ ರಕ್ತದ ನೀರು ಬೇರ್ಪಡಿಸಿ ಹೊರಹಾಕುತ್ತೆ ಅಂದೆನಲ್ಲ, ಆ ನೀರು ಹಾಯೋಕೆ ಕೋಶಗಳಲ್ಲಿ ಅಕ್ವಾಪೋರಿನ್ ಅನ್ನೋ ಕಿಂಡಿಗಳಿವೆ. ನಮ್ಮ ಗದ್ದೆಯ ತೂಬಿನ ಹಾಗೆ. ಈ ಕಿಂಡಿಯ ಪ್ರೋಟೀನನ್ನೇ ಲಸಿಕೆ ಮಾಡಿ ಬ್ರೆಜಿಲ್‌ನಲ್ಲಿ ದನಗಳ ಮೇಲೆ ಎರಡು ಸಲ ಪರೀಕ್ಷಿಸಿದಾಗ ಮೈಕ್ರೋಪ್ಲಸ್ ಉಣ್ಣಿ 75 ಮತ್ತು 68 ಶೇಕಡಾ ಕಡಿಮೆಯಾದವು. ಇದು 2014ರಲ್ಲಿ ಪ್ರಕಟವಾದ ಕೆಲಸ.

ನಮ್ಮಲ್ಲೂ ಕೆಲಸ ನಡೆದಿದೆ. ಉತ್ತರ ಪ್ರದೇಶದ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಹಯಲೊಮ್ಮಾ ಉಣ್ಣಿಯಲ್ಲಿರೋ ಬಿಎಂ 86ರ ಜೋಡಿ ಪ್ರೋಟೀನನ್ನು ತಯಾರಿಸಿ ಮಿಶ್ರತಳಿ ಕರುಗಳ ಮೇಲೆ ಪರೀಕ್ಷೆ ಮಾಡಿದ್ದಾರೆ. ನಮಗೆ ಬೇಕಿರೋದು ಹಯಲೊಮ್ಮಾ, ಮೈಕ್ರೋಪ್ಲಸ್ ಎರಡನ್ನೂ ಹಿಡಿಯೋ ಲಸಿಕೆ. ಪ್ರಯೋಗಾಲಯದಿಂದ ಕೊಟ್ಟಿಗೆಗೆ ಬರೋ ದಾರಿ ಇನ್ನೂ ಇದೆ.

ಅಲ್ಲಿವರೆಗೆ ಒಂದು ಗೊಂದಲ ಬಿಡಿಸಿಕೊಳ್ಳಿ. "ಉಣ್ಣಿ ಲಸಿಕೆ ಸಿಗುತ್ತೆ" ಅಂತ ಯಾರಾದ್ರೂ ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಅದು ಬಹುಶಃ ರಕ್ಷಾವ್ಯಾಕ್-ಟಿ ಆಗಿರುತ್ತೆ. ಅದು ಥೈಲೇರಿಯಾ ರೋಗದ ಲಸಿಕೆ. ಒಳ್ಳೆಯದೇ, ಮಿಶ್ರತಳಿ ಕರುಗಳಿಗೆ ಹಾಕಿಸೋ ಬಗ್ಗೆ ನಿಮ್ಮ ಪಶುವೈದ್ಯರನ್ನು ಕೇಳಿ. ಆದರೆ ಅದರಿಂದ ಒಂದು ಉಣ್ಣಿಯೂ ಸಾಯಲ್ಲ.

ನಾನು ಮಾಡಿದ ತಪ್ಪು, ನೀವು ಮಾಡಬೇಡಿ

ನನ್ನ ಕೊಟ್ಟಿಗೆ ಕಪಾಟಲ್ಲಿ ಎರಡು ಬಾಟಲಿ ಇದ್ದವು. ಒಂದು ಸಲ ಇದು, ಇನ್ನೊಂದು ಸಲ ಅದು ಅಂತ ಬದಲಾಯಿಸಿ ಹೊಡೀತಿದ್ದೆ, ಜಾಣತನ ಮಾಡ್ತಿದ್ದೀನಿ ಅಂದ್ಕೊಂಡು. ಬಾಟಲಿ ಪ್ರಯೋಗ ಆದಮೇಲೆ ಲೇಬಲ್ ಓದಿದೆ. ಒಂದರಲ್ಲಿ ಸೈಪರ್‌ಮೆಥ್ರಿನ್, ಇನ್ನೊಂದರಲ್ಲಿ ಡೆಲ್ಟಾಮೆಥ್ರಿನ್. ಎರಡೂ ಒಂದೇ ಗುಂಪು! ಹೆಸರು ಬದಲಾಗಿತ್ತು, ವಿಷ ಬದಲಾಗಿರಲಿಲ್ಲ. ತರಕಾರಿಗೆ ಕೀಟನಾಶಕ ಬೇಡ ಅಂತ ಸಾವಯವಕ್ಕೆ ಬಂದವನು ದನದ ಮೈಮೇಲೆ ಅದೇ ತಪ್ಪು ಮಾಡಿದ್ದೆ. ಈ ಗುಂಪಿನ ಔಷಧಿಗೆ ಬಗ್ಗದ ಉಣ್ಣಿ ದೇಶದ ಹಲವು ಕಡೆ ಪತ್ತೆಯಾಗಿದೆ.

ಐವರ್‌ಮೆಕ್ಟಿನ್ ಇಂಜೆಕ್ಷನ್ ಹಾಕಿಸಿಬಿಡೋಣ ಅನ್ನೋರಿಗೂ ಒಂದು ಮಾತು. ಅದು ಹಾಲಲ್ಲಿ ಬರುತ್ತೆ, ಆದ್ದರಿಂದ ಹಾಲು ಕೊಡೋ ಹಸುವಿಗೆ ನೀವಾಗೇ ಹಾಕಬಾರದು. ಸಗಣಿಯಲ್ಲೂ ಬರುತ್ತೆ. ಆ ಸಗಣಿಯಲ್ಲಿ ಬೆಳೆಯೋ ಸಗಣಿ ಹುಳುವಿನ ಮರಿ ಸಾಯ್ತವೆ. ಜೀವಾಮೃತಕ್ಕೆ, ಗೊಬ್ಬರದ ಗುಂಡಿಗೆ ಸಗಣಿ ಬಳಸೋ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಲಸಿಕೆ ಬರೋವರೆಗೆ

ಲಸಿಕೆಯ ತತ್ವ ಮೊಟ್ಟೆ ಕಡಿಮೆ ಮಾಡೋದು. ಅದನ್ನೇ ಕೈಯಿಂದ ಮಾಡೋಕೆ ಇವತ್ತೇ ಶುರು ಮಾಡಬಹುದು.

1. ಉಬ್ಬಿದ ಉಣ್ಣಿ ಕಿತ್ತು ಕೊಟ್ಟಿಗೆ ನೆಲಕ್ಕೆ ಎಸೀಬೇಡಿ. ಅದು ಬಿತ್ತನೆ ಮಾಡಿದ ಹಾಗೆ. ಸೋಪಿನ ನೀರಿನ ಡಬ್ಬಿಗೆ ಹಾಕಿ ಮುಚ್ಚಿ. ಬರಿಗೈಲಿ ಹಿಸುಕಬೇಡಿ, ಅದರ ರಕ್ತದಿಂದ ಮನುಷ್ಯರಿಗೂ ರೋಗ ತಗುಲಬಹುದು. ಗ್ಲೌಸ್ ಅಥವಾ ಚಿಮಟ ಬಳಸಿ.

2. ಗೋಡೆ ಬಿರುಕು, ಗೋದಲಿಯ ಸಂದು ಗಾರೆ ಹಾಕಿ ಮುಚ್ಚಿ, ಸುಣ್ಣ ಬಳಿಯಿರಿ. ಹಯಲೊಮ್ಮಾ ಅಡಗೋದು ಅಲ್ಲೇ. ಬರೀ ಹಸುವಿಗೆ ಔಷಧಿ ಹೊಡೆದು ಗೋಡೆ ಬಿಟ್ರೆ ಅರ್ಧ ಕೆಲಸ.

3. ಔಷಧಿ ಬೇಕೇ ಬೇಕು ಅನ್ನೋ ಹೊತ್ತಲ್ಲಿ ಪಶುವೈದ್ಯರನ್ನು ಕೇಳಿ, ಹೇಳಿದ ಅಳತೆಯಲ್ಲೇ ಬೆರೆಸಿ, ಕಿವಿ, ತೊಡೆ ಸಂದು, ಬಾಲದ ಅಡಿ ಪೂರ್ತಿ ನೆನೆಯುವಂತೆ ಹೊಡೀರಿ. ಬ್ರ್ಯಾಂಡ್ ಬದಲಾಯಿಸಿದ್ರೆ ಸಾಲದು, ಗುಂಪು ಬದಲಾಗಬೇಕು. ಉದಾಹರಣೆಗೆ ಅಮಿಟ್ರಾಜ್ ಬೇರೆ ಗುಂಪು. ಹಾಲು ಎಷ್ಟು ದಿನ ಬಳಸಬಾರದು ಅಂತ ಕೇಳಿಕೊಳ್ಳಿ.

4. ಔಷಧಿ ಹೊಡೆಯೋ ಮುಂಚೆ ಹಸುವಿನ ಒಂದು ಬದಿಯ ಉಣ್ಣಿ ಎಣಿಸಿ, ಫೋನಲ್ಲಿ ಫೋಟೋ ತೆಗೆದಿಡಿ. ವಾರ ಬಿಟ್ಟು ಅದೇ ಬದಿ ಮತ್ತೆ ಎಣಿಸಿ. ಜೊತೆಗೆ ಉದುರಿದ ನಾಲ್ಕೈದು ಉಣ್ಣಿ ಬಾಟಲಿಯಲ್ಲಿಡಿ. ಮೊಟ್ಟೆ ಇಟ್ಟರೆ ಆ ಬಾಟಲಿ ಸಮೇತ ಪಶು ಆಸ್ಪತ್ರೆಗೆ ಹೋಗಿ ತೋರಿಸಿ. ಆಮೇಲೆ ಕುದಿಯೋ ನೀರು ಹಾಕಿ ನಾಶ ಮಾಡಿ.

5. ಮನೆಯಲ್ಲಿ ನಾಟಿ ಕೋಳಿ ಇದ್ರೆ ಕೊಟ್ಟಿಗೆ ಸುತ್ತ ಬಿಡಿ, ಉಣ್ಣಿ ಹೆಕ್ಕಿ ತಿಂತವೆ. ಔಷಧಿ ಹೊಡೆದ ದಿನಗಳಲ್ಲಿ ಮಾತ್ರ ಬೇಡ.

6. ಹೊಸ ಹಸು ತಂದ್ರೆ ಮೂರು ವಾರ ಬೇರೆ ಕಟ್ಟಿ, ಉಣ್ಣಿ ಇಲ್ಲ ಅಂತ ಖಾತ್ರಿ ಆದಮೇಲೆ ಉಳಿದವುಗಳ ಜೊತೆ ಬಿಡಿ. ಹಳ್ಳಿಕಾರ್, ಮಲೆನಾಡು ಗಿಡ್ಡದಂಥ ನಾಟಿ ತಳಿಗಳು ಎಚ್‌ಎಫ್, ಜರ್ಸಿಗಿಂತ ಉಣ್ಣಿಯನ್ನು ಚೆನ್ನಾಗಿ ತಡ್ಕೊಳ್ತವೆ. ಕೊಟ್ಟಿಗೆಗೆ ಯಾವ ಹಸು ತರಬೇಕು ಅಂತ ಯೋಚಿಸುವಾಗ ಹಾಲಿನ ಲೆಕ್ಕದ ಜೊತೆ ಇದನ್ನೂ ಇಟ್ಕೊಳ್ಳಿ.

ನಮ್ಮ ಕಡಸು ಈಗ ಗಬ್ಬ ಇದೆ. ದಿನಾ ಸಂಜೆ ಮೈ ತಿಕ್ಕುವಾಗ ಹತ್ತು ನಿಮಿಷ ಉಣ್ಣಿ ಹುಡುಕೋದು ಅಭ್ಯಾಸ ಆಗಿದೆ, ಸೋಪಿನ ಡಬ್ಬಿ ಗೂಟಕ್ಕೇ ನೇತಾಡ್ತಿರುತ್ತೆ. ಮೊದಲ ವಾರ ದಿನಕ್ಕೆ ಮೂವತ್ತು ನಲವತ್ತು ಸಿಗ್ತಿದ್ದವು. ನಿನ್ನೆ ಸಿಕ್ಕಿದ್ದು ಮೂರು.